ಮಂಗಳವಾರಕ್ಕೊಮ್ಮೆ ಕೆಡುವ ಎಂಜಿನ್

ನಮ್ಮ ಹಳೆಯ ಪಿಕಪ್ಪಿಗೆ ಬೇರೆ ಎಂಜಿನ್ ಕೂರಿಸಬೇಕೆಂದು ನಿರ್ಧರಿಸಿದವನು ನಾನೇ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಯಾರನ್ನು ಬೈಯಬೇಕೆಂದು ನೀವು ಹುಡುಕುವುದು ಬೇಡ.

ಸಂಗೊಳ್ಳಿಯಲ್ಲಿ ನಮ್ಮದು ಸಣ್ಣ ಒಕ್ಕಲುತನ, ಮನೆಯಲ್ಲಿ ಅಪ್ಪ, ನಾನು, ಹೆಂಡತಿ. ಅದರ ಜೊತೆಗೆ ನಾನು ಪಿಕಪ್ಪಿನಲ್ಲಿ ಬಾಡಿಗೆ ಸಾಮಾನು ಸಾಗಿಸುತ್ತೇನೆ. ನನ್ನ ಹೆಂಡತಿ ಓಣಿಯ ನಾಲ್ವರನ್ನು ಕೂಡಿಸಿಕೊಂಡು ಖಡಕ್ ರೊಟ್ಟಿ ಬಡಿಯುತ್ತಾಳೆ. ಪ್ರತಿ ಮಂಗಳವಾರ ಬೆಳಿಗ್ಗೆ ಒಂಬತ್ತರೊಳಗೆ ಆ ರೊಟ್ಟಿ ಸವದತ್ತಿಯ ಒಂದು ಖಾನಾವಳಿಗೆ ಮುಟ್ಟಬೇಕು. ಐದೂ ಮಂದಿ ಹೆಂಗಸರ ಕೆಲಸ ನಿಂತಿದ್ದು ಆ ಒಬ್ಬ ಗಿರಾಕಿಯ ಮೇಲೆ.

ಹಳೆಯ ಎಂಜಿನ್ ಕಾರ್ಬ್ಯುರೇಟರಿನ ಕಾಲದ್ದು. ಚಳಿಗೆ ಚೋಕ್ ಎಳೆಯಬೇಕು, ಬಿಸಿಲಿಗೆ ಒದ್ದೆ ಅರಿವೆ ಸುತ್ತಬೇಕು. ಕೊನೆಕೊನೆಗೆ ಪೆಟ್ರೋಲಿಗಿಂತ ಆಯಿಲನ್ನೇ ಹೆಚ್ಚು ಕುಡಿಯತೊಡಗಿತು. ಆಗ ಕಿತ್ತೂರಿನ ಗುಜರಿಯಲ್ಲಿ ಒಂದು ವ್ಯಾನ್ ಕಣ್ಣಿಗೆ ಬಿತ್ತು. ಹಿಂದಿನಿಂದ ಗುದ್ದಿಸಿಕೊಂಡು ಅರ್ಧವಾಗಿತ್ತು, ಎಂಜಿನ್ ಮಾತ್ರ ಗಟ್ಟಿಯಾಗಿತ್ತು. ಅದು ಫ್ಯೂಯಲ್ ಇಂಜೆಕ್ಷನ್ ಎಂಜಿನ್. ನಾನು ಮೊಬೈಲಿನಲ್ಲಿ ಆರು ವಿಡಿಯೊ ನೋಡಿ ಪಂಡಿತನಾಗಿದ್ದೆ.

ಬೈಲಹೊಂಗಲದ ಮಿಸ್ತ್ರಿ ಎಂಟು ವರ್ಷದಿಂದ ನಮ್ಮ ಗಾಡಿ ನೋಡುವವರು. ಅವರು ಎಂಜಿನ್ನನ್ನು ಸುತ್ತುಹಾಕಿ ನೋಡಿ, "ಹಾಕಬಹುದ್ರಿ. ಆದರ ಹಳೇದಕ್ಕ ಬರೇ ಹೊಟ್ಟಿ ಇತ್ತು, ಇದಕ್ಕ ತಲಿನೂ ಐತಿ" ಎಂದರು. ತಲೆಯೆಂದರೆ ಪೆಟ್ರೋಲು ಎಷ್ಟು, ಗಾಳಿ ಎಷ್ಟು ಎಂದು ಲೆಕ್ಕ ಹಾಕುವ ಕಂಪ್ಯೂಟರ್ ಡಬ್ಬಿ. ಹತ್ತು ದಿನ ವೆಲ್ಡಿಂಗ್ ನಡೆಯಿತು, ಟ್ಯಾಂಕಿಗೆ ಹೊಸ ಪಂಪ್ ಬಂತು, ವೈರುಗಳ ದೊಡ್ಡ ಜಡೆ ಹೆಣೆದದ್ದಾಯಿತು. ಇದರಲ್ಲಿ ನನ್ನ ಪಾಲಿನ ಕೆಲಸ ಬ್ಯಾಟರಿ ದೀಪ ಹಿಡಿಯುವುದು. ಅದನ್ನೂ ಎರಡು ಸಲ ಮಿಸ್ತ್ರಿಯ ಕಣ್ಣಿಗೇ ಬಿಟ್ಟೆ. ಎಂಜಿನ್ ಚಾಲೂ ಆದ ದಿನ ಮಾತ್ರ ಊರಿಗೆಲ್ಲ "ನಾವು ಕೂಡಿಸಿದ್ವಿ" ಎಂದು ಹೇಳಿಕೊಂಡು ತಿರುಗಿದೆ.

ಮೊದಲ ಮಂಗಳವಾರವೇ ಮರ್ಯಾದೆ ಹೋಯಿತು. ಊರು ದಾಟುವಾಗಲೇ ಎಂಜಿನ್ ಗುರ್ ಎಂದು ಏರುವುದು, ಉಸ್ ಎಂದು ಇಳಿಯುವುದು, ಎಕ್ಸಿಲರೇಟರಿನಿಂದ ಕಾಲು ತೆಗೆದರೆ ಬಂದ್ ಬೀಳುವುದು. ದಾರಿಯಲ್ಲಿ ಚಚಡಿ ಮುಟ್ಟುವುದರೊಳಗೆ ಏಳು ಸಲ ನಿಂತಿತು. ರೊಟ್ಟಿ ಒಂದು ತಾಸು ತಡವಾಗಿ ಮುಟ್ಟಿತು. ಅಲ್ಲಿಂದ ನೇರ ಬೈಲಹೊಂಗಲಕ್ಕೆ ಒಯ್ದರೆ, ಮಿಸ್ತ್ರಿಯ ಮುಂದೆ ಗಾಡಿ ಬಲು ಸಂಭಾವಿತ. ಮುಂದೆ ಭಾನುವಾರದ ತನಕ ಒಂದು ಕೆಮ್ಮೂ ಇಲ್ಲ. ಸೋಮವಾರ ನಾನು ಬಾಡಿಗೆಗೆ ಹೋಗುವುದಿಲ್ಲ. ಮತ್ತೆ ಮಂಗಳವಾರ ಬಂತು, ಮತ್ತೆ ಅದೇ ರೋಗ. ರಾಮದುರ್ಗದಲ್ಲಿ ಸ್ಕ್ಯಾನರ್ ಇಟ್ಟುಕೊಂಡ ಎಲೆಕ್ಟ್ರಿಷಿಯನ್ ಒಬ್ಬರಿದ್ದಾರೆಂದು ಕೇಳಿ ಅಲ್ಲಿಗೂ ಹೋದೆ. ಅವರು ಏನೂ ದೋಷವಿಲ್ಲ ಎಂದರು. ನನ್ನ ಸಮಾಧಾನಕ್ಕೆಂದು ಒಂದು ಸೆನ್ಸರ್ ಬದಲಿಸಿಕೊಂಡು ಬಂದೆ.

ಎರಡನೆಯ ಸಲ ತಡವಾದ ದಿನ ಖಾನಾವಳಿಯ ಒಡತಿ ನನ್ನ ಹೆಂಡತಿಗೆ ಫೋನ್ ಮಾಡಿದರು. "ಇನ್ನೊಮ್ಮೆ ತಡಾ ಆದ್ರ ನಾ ಬ್ಯಾರೇ ಕಡೆ ನೋಡ್ಕೋತೇನ್ರಿ, ಸಿಟ್ಟಾಗಬ್ಯಾಡ್ರಿ" ಎಂದರು. ಹೆಂಡತಿ ಫೋನಿಟ್ಟು, ನನ್ನ ಕಡೆ ನೋಡದೆ ಹಿಟ್ಟು ನಾದತೊಡಗಿದಳು. ಬೈದಿದ್ದರೆ ಎಷ್ಟೋ ಮೇಲಿತ್ತು.

ಆ ಹೆದರಿಕೆಯನ್ನೆಲ್ಲ ಸಿಟ್ಟು ಮಾಡಿಕೊಂಡು ಮಿಸ್ತ್ರಿಯ ಗ್ಯಾರೇಜಿಗೆ ಹೋಗಿ, ನಾಲ್ಕು ಗಿರಾಕಿಗಳ ಮುಂದೆ, ಸತ್ತ ಎಂಜಿನ್ ಕೂರಿಸಿ ನನ್ನನ್ನು ಮುಳುಗಿಸಿದಿರಿ ಎಂದು ಕೂಗಾಡಿದೆ. ಅವರು ಕೈ ಒರೆಸಿಕೊಂಡರು. "ಹಿಂಗ ನನಗ ಯಾರೂ ಅಂದಿದ್ದಿಲ್ರಿ" ಎಂದಷ್ಟೇ ಹೇಳಿದರು.

ಸೋಮವಾರ ಮಧ್ಯಾಹ್ನ ಅವರದೇ ಫೋನ್ ಬಂತು. "ಸಿಟ್ಟಿನ ಮಾತು ಇರಲಿ. ಮಂಗಳವಾರ ಅಷ್ಟ ಕೆಡತೈತಿ ಅಂದ್ರ ಸೋಮವಾರ ಏನೋ ಆಗತೈತಿ. ಬ್ಯಾಟರಿ ವೈರ್ ಯಾರರ ಬಿಚ್ಚತಾರೇನ್ರಿ? ಕರೆಂಟ್ ತಪ್ಪಿದ್ರ ಆ ಡಬ್ಬಿ ಕಲತದ್ದೆಲ್ಲ ಮರೀತೈತಿ. ಮತ್ತ ಹತ್ತಿಪ್ಪತ್ತು ಕಿಲೋಮೀಟರ್ ಓಡಿಸಿದ ಮ್ಯಾಲೇ ಹಾದಿಗೆ ಬರೋದು."

"ನಮ್ಮ ಮನ್ಯಾಗ ನನ್ನ ಬಿಟ್ಟು ಆ ಗಾಡಿ ಬ್ಯಾಟರಿ ವೈರ್ ಮುಟ್ಟೋ ಧೈರ್ಯ ಯಾರಿಗೂ ಇಲ್ರಿ" ಎಂದೆ.

ರೊಟ್ಟಿ ಬಡಿಯುತ್ತಿದ್ದ ಹೆಂಡತಿ ತಲೆಯೆತ್ತಿದಳು. "ಮಾವಾರು ಬಿಚ್ಚತಾರಲ್ರಿ, ಪ್ರತಿ ಸೋಮವಾರ. ಎತ್ತು ಮಾರಿದಾಗಿಂದ. ನಿಮಗ ಗೊತ್ತಿಲ್ಲೇನು?"

ನಮ್ಮ ಕಡೆ ಸೋಮವಾರ ಎತ್ತು ಹೂಡುವುದಿಲ್ಲ, ಅದು ಬಸವಣ್ಣನ ವಾರ. ನಾಲ್ಕು ವರ್ಷದ ಹಿಂದೆ ಎತ್ತು ಮಾರಿದೆವು. ಅಂದಿನಿಂದ ಮನೆಯಲ್ಲಿ ದುಡಿಯುವ ಜೀವ ಈ ಪಿಕಪ್ ಎಂದು ಅಪ್ಪ ತಿಳಿದಿದ್ದ. ಸೋಮವಾರ ನಸುಕಿನಲ್ಲಿ ಬಾನೆಟ್ ಎತ್ತಿ ಬ್ಯಾಟರಿಯ ವೈರ್ ಬಿಚ್ಚುತ್ತಿದ್ದ, ಮಂಗಳವಾರ ನಸುಕಿನಲ್ಲಿ ಮತ್ತೆ ಸಿಕ್ಕಿಸುತ್ತಿದ್ದ. ಹಳೆಯ ಎಂಜಿನ್ನಿಗೆ ನೆನಪೇ ಇರದ ಕಾರಣ ಅದಕ್ಕೆ ಬಾಧೆಯಿರಲಿಲ್ಲ. ಓಣಿಗೆಲ್ಲ ಇದು ಗೊತ್ತಿತ್ತಂತೆ. ನನಗೆ ಗೊತ್ತಾಗಲು ನಾನು ನಸುಕಿನಲ್ಲಿ ಏಳಬೇಕಿತ್ತು.

ಫೋನಿನಲ್ಲೇ ಮಿಸ್ತ್ರಿಯ ಕ್ಷಮೆ ಕೇಳಿದೆ. ನಾಲ್ಕು ಜನರ ಮುಂದೆ ಬೈದವನು ಒಬ್ಬನೇ ಕುಳಿತು ಕ್ಷಮೆ ಕೇಳಿದ್ದು, ಜಾಣ ನಾನು. ಆಮೇಲೆ ಕಟ್ಟೆಯ ಮೇಲಿದ್ದ ಅಪ್ಪನ ಮುಂದೆ ನಿಂತು ಕಂಪ್ಯೂಟರ್, ವೋಲ್ಟೇಜ್, ಮೆಮೊರಿ ಎಂದು ಭಾಷಣ ಬಿಗಿದೆ. ಅಪ್ಪ ಪಿಳಿಪಿಳಿ ನೋಡಿದ. ಹೆಂಡತಿ ಹಿಟ್ಟಿನ ಕೈಯಲ್ಲೇ ಹೊರಗೆ ಬಂದಳು.

"ಮಾವಾರ, ಬ್ಯಾಟರಿ ಅಂದ್ರ ಅದರ ಮೇವು. ಈ ಹೊಸಾದು ನಿಂತಾಗೂ ಮೆಲಕ ಹಾಕತೈತಿ. ನೀವು ವೈರ್ ಬಿಚ್ಚಿದ್ರ ಉಪವಾಸ ಬೀಳತೈತಿ."

ಅಪ್ಪನ ಮುಖ ಸಣ್ಣದಾಯಿತು. "ಸೋಮವಾರ ನೊಗ ಇಳಸಬೇಕು, ಮೇವು ತಪ್ಪಸಬಾರದು. ಮೂರು ವಾರ ಉಪವಾಸ ಕೆಡವಿದ್ನಲ್ಲವಾ" ಎಂದು ಎದ್ದು ಹೋಗಿ, ಆಗಲೇ ವೈರ್ ಸಿಕ್ಕಿಸಿ ಬಂದ. ಆಮೇಲೆ ನನ್ನನ್ನು ನೋಡಿದ. "ಈ ಎಂಜಿನ್ ಸಲುವಾಗಿ ಕಿತ್ತೂರಾಗ ಕೇಳಿದಿ, ಬೈಲಹೊಂಗಲದಾಗ ಕೇಳಿದಿ, ರಾಮದುರ್ಗಕ್ಕೂ ಹೋಗಿ ಕೇಳಿದಿ. ನಾ ಇಲ್ಲೇ ಕುಂತಿದ್ನೆಲ್ಲೋ."

ನನಗೆ ಬಹಳ ನಾಚಿಕೆಯಾಯಿತು. ಅಪ್ಪನ ಮಂಚಕ್ಕೂ ಆ ಗಾಡಿಗೂ ನಡುವೆ ನಾಲ್ಕು ಹೆಜ್ಜೆ.

ಆದರೂ ಮರುದಿನದ ರೊಟ್ಟಿಯ ಚಿಂತೆ ಹಾಗೇ ಇತ್ತು. ಡಬ್ಬಿ ಆ ಬೆಳಿಗ್ಗೆಯೇ ಎಲ್ಲ ಮರೆತಿತ್ತು, ಮತ್ತೆ ಕಲಿಯಲು ಓಡಬೇಕು, ಅಂದು ಸೋಮವಾರ. "ಏನ್ ಮಾಡೂಣಪಾ?" ಎಂದು ಕೇಳಿದೆ. ಅಪ್ಪ ಗಾಡಿಯ ಕಡೆ ನೋಡಿದ. "ಇವತ್ತ ಬ್ಯಾಡ. ನಸಿಕಿನ್ಯಾಗ ಎಬ್ಬಸತೇನಿ, ಬರೇ ಗಾಡಿ ಒಂದು ಸುತ್ತು ಹೊಡಕೊಂಡು ಬರೂಣು."

ಐದಕ್ಕೆ ಎಬ್ಬಿಸಿದ. ಬೈಲಹೊಂಗಲದ ದಾರಿಯಲ್ಲಿ ಎಂಜಿನ್ ತೊದಲಿತು, ಎರಡು ಸಲ ನಿಂತಿತು. ಪ್ರತಿಸಲವೂ ಅಪ್ಪ ಡ್ಯಾಶ್‌ಬೋರ್ಡಿನ ಮೇಲೆ ಕೈಯಾಡಿಸಿದ. ತಿರುಗಿ ಮನೆ ಮುಟ್ಟುವಷ್ಟರಲ್ಲಿ ಅದರ ಉಸಿರು ನೆಟ್ಟಗಾಗಿತ್ತು. ರೊಟ್ಟಿ ಹೇರಿಕೊಂಡು ಹೊರಟೆವು, ಎಂಟೂವರೆಗೆ ಸವದತ್ತಿಯಲ್ಲಿದ್ದೆವು. ಖಾನಾವಳಿಯ ಒಡತಿ ಗಡಿಯಾರ ನೋಡಿ, ಮುಂದಿನ ವಾರ ಇನ್ನೂ ನೂರು ರೊಟ್ಟಿ ಹೆಚ್ಚಿಗೆ ತರಲು ಹೇಳಿದರು.

ಆ ಗಾಡಿ ಮನೆಗೆ ಬಂದು ಎಂಟು ವರ್ಷ. ಅದರ ಮುಂದಿನ ಸೀಟಿನಲ್ಲಿ ಅಪ್ಪ ಕುಳಿತದ್ದು ಅಂದೇ ಮೊದಲೆಂದು ಹಿಂದಿರುಗುವಾಗ ನನಗೆ ಹೊಳೆಯಿತು. "ಮುಂದಿನ ಮಂಗಳವಾರಾನೂ ಬರ್ತೀಯೇನಪಾ?" ಎಂದೆ.

"ಕೇಳಿದರ ಬರತೇನಿ" ಎಂದ ಅಪ್ಪ.