ಮೂರು ಬ್ರೌಸರು, ಒಂದು ನೆಚ್ಚಿನ ಊರು

ನನ್ನ ಕಂಪ್ಯೂಟರಿನಲ್ಲಿ ಮೂರು ಬ್ರೌಸರುಗಳಿವೆ. ಒಂದು ಸಾಲದೇ ಎಂದು ಹೆಂಡತಿ ಗಿರಿಜಾ ಆಗಾಗ ಕೇಳುತ್ತಾಳೆ. ಸಾಕು. ಆದರೆ ಯಾವ ಒಂದು ಸಾಕು ಎಂದು ತೀರ್ಮಾನವಾಗಬೇಕಲ್ಲ. ಸಂಶಯವೇ ಜ್ಞಾನದ ಬಾಗಿಲು ಎಂದು ವಿಶ್ವವಿದ್ಯಾಲಯದಲ್ಲಿ ತತ್ತ್ವಶಾಸ್ತ್ರದ ಮೇಷ್ಟ್ರು ಹೇಳಿಕೊಟ್ಟಿದ್ದರು. ನಾನು ಇವತ್ತಿಗೂ ಆ ಬಾಗಿಲಲ್ಲೇ ಚಪ್ಪಲಿ ಬಿಡುತ್ತಾ ನಿಂತಿದ್ದೇನೆ.

ಬಣ್ಣದ ಚಕ್ರದ ಗುರುತಿನದು ದಿನಬಳಕೆಗೆ. ಚುರುಕು, ಯಾವ ಪುಟಕ್ಕೂ ಮುಖ ಸಿಂಡರಿಸುವುದಿಲ್ಲ. ಆದರೆ ಇವತ್ತು ಅಡಿಕೆ ಧಾರಣೆ ನೋಡಿದರೆ ನಾಳೆ ಅಡಿಕೆ ಸುಲಿಯುವ ಯಂತ್ರದ ಜಾಹೀರಾತು ಕಾಣಿಸುತ್ತದೆ. ನನಗೆ ಒಂದು ಮರವೂ ಇಲ್ಲ. ನರಿಯ ಗುರುತಿನದು ಬ್ಯಾಂಕಿನ ಕೆಲಸಕ್ಕೆ. ದುಡ್ಡಿನ ವಿಷಯದಲ್ಲಿ ನರಿಯನ್ನು ನಂಬಿದವನು ಜಿಲ್ಲೆಯಲ್ಲಿ ನಾನೊಬ್ಬನೇ ಇರಬೇಕು. ಮುಚ್ಚಿದ ಕೂಡಲೇ ಎಲ್ಲ ಮರೆತುಬಿಡು ಎಂದು ಅದಕ್ಕೆ ಹೇಳಿಟ್ಟಿದ್ದೇನೆ, ಮರೆಯುತ್ತದೆ. ಮೂರನೆಯದು ಕಂಪ್ಯೂಟರಿನ ಜೊತೆಗೇ ಬಂದದ್ದು. ತೆರೆದಾಗಲೆಲ್ಲ ನನ್ನನ್ನೇ ಮುಖ್ಯ ಮಾಡಿಕೊಳ್ಳಿ ಎನ್ನುತ್ತದೆ, ಮದುವೆಮನೆಯಲ್ಲಿ ಯಾರೂ ಮಾತಾಡಿಸದ ನೆಂಟರ ಹಾಗೆ.

ಹಿಂದೆ ಈ ಗೊಂದಲ ಇರಲಿಲ್ಲ. ನಮ್ಮೂರು ಭದ್ರಾವತಿಯಲ್ಲಿ ‘ಬ್ರೌಸಿಂಗ್‌ಗೆ ಹೋಗ್ತೀನಿ’ ಎನ್ನುತ್ತಿದ್ದೆವು. ಬ್ರೌಸಿಂಗ್ ಅಂದರೆ ಮಾಡುವ ಕೆಲಸವಲ್ಲ, ಹೋಗುವ ಜಾಗ. ಪ್ಲೈವುಡ್ಡಿನ ಗೂಡುಗಳು, ಗೂಡಿಗೊಂದು ಕಂಪ್ಯೂಟರು, ಪರದೆಯ ಮೇಲೊಂದು ನೀಲಿ ಅಕ್ಷರ. ಆ ಅಕ್ಷರವೇ ಇಂಟರ್ನೆಟ್ಟು ಎಂದುಕೊಂಡಿದ್ದೆವು. ಪುಟ ತೆರೆಯುವುದು ತಡವಾದರೆ ಅಂಗಡಿಯ ಮುರುಗೇಶಣ್ಣ, “ಇರು ತಂಬಿ, ಅಮೆರಿಕಾದಿಂದ ಬರ್ಬೇಕಲ್ಲ” ಎನ್ನುತ್ತಿದ್ದ.

ನಿಶ್ಚಿತಾರ್ಥವಾದ ಮೇಲೆ ಗಿರಿಜಾಳಿಗೆ ನಾನು ಮೇಲ್ ಬರೆಯುತ್ತಿದ್ದದ್ದು ಆ ಗೂಡಿನಿಂದಲೇ. ಅವಳಿದ್ದದ್ದು ಶಿವಮೊಗ್ಗದ ರಾಗಿಗುಡ್ಡದ ಹತ್ತಿರ. ಬಸ್ಸು ಹತ್ತಿದ್ದರೆ ಮುಗಿಯುತ್ತಿತ್ತು. ಆದರೆ ಮದುವೆಗೆ ಮುಂಚೆ ಹಾಗೆ ಹತ್ತುವಂತಿರಲಿಲ್ಲ. ನಮ್ಮ ಮಾತು ಅಮೆರಿಕಾ ಸುತ್ತಿಕೊಂಡು ರಾಗಿಗುಡ್ಡಕ್ಕೆ ಹೋಗುತ್ತಿತ್ತು.

ಮೊನ್ನೆ ಆ ಮೇಲ್ ಕಂಪನಿಯವರು ನನ್ನ ಈಗಿನ ಮೇಲ್ ವಿಳಾಸಕ್ಕೆ ತಿಳಿಸಿದರು: ಬಹಳ ಕಾಲದಿಂದ ಬಳಸದ ಆ ಖಾತೆಯನ್ನು ಸದ್ಯದಲ್ಲೇ ಅಳಿಸುತ್ತೇವೆ. ಒಳಗಿರುವುದು ನಮ್ಮಿಬ್ಬರ ಆ ಕಾಲ. ಬೇರೆಲ್ಲೂ ಅದರ ಪ್ರತಿ ಇಲ್ಲ. ಪಾಸ್‌ವರ್ಡ್ ನೆನಪಿಲ್ಲ. ಮೂರು ಬ್ರೌಸರುಗಳನ್ನೂ ತಡಕಿದೆ, ಯಾವುದಕ್ಕೂ ಗೊತ್ತಿಲ್ಲ. ಹೇಗೆ ಗೊತ್ತಿರಬೇಕು? ಸುರಕ್ಷತೆ ಸುರಕ್ಷತೆ ಎಂದು, ಪಾಸ್‌ವರ್ಡಿನ ಮಟ್ಟಿಗೆ ಮೂರಕ್ಕೂ ಮರೆವನ್ನು ಕಲಿಸಿದವನು ನಾನೇ. ನಮ್ಮ ಹಳೆಯ ತಾರ್ಕಿಕರು, ನ್ಯಾಯದರ್ಶನದವರು, ನೆನಪನ್ನು ಪ್ರಮಾಣವೆಂದು, ಅಂದರೆ ಅರಿವಿನ ಆಧಾರವೆಂದು, ಒಪ್ಪಲಿಲ್ಲ. ಮೇಲ್ ಕಂಪನಿಯವರಿಗೆ ಬೇಕಾದದ್ದು ಅದೊಂದೇ.

ಉಳಿದದ್ದು, ಆ ಖಾತೆ ತೆರೆಯುವಾಗ ನಾನೇ ಉತ್ತರ ಕೊಟ್ಟಿಟ್ಟಿದ್ದ ಗುಟ್ಟಿನ ಪ್ರಶ್ನೆ: ನಿಮ್ಮ ನೆಚ್ಚಿನ ಊರು ಯಾವುದು? ಜೀವನದಲ್ಲಿ ಅಪರೂಪಕ್ಕೆ ನನಗೆ ಸಂಶಯವೇ ಬರಲಿಲ್ಲ. ಶಿವಮೊಗ್ಗದವರ ಎದುರು ಭದ್ರಾವತಿಯನ್ನು ಬಿಟ್ಟುಕೊಟ್ಟವನೇ ಅಲ್ಲ ನಾನು. ಇಂಗ್ಲಿಷಿನಲ್ಲಿ ಭದ್ರಾವತಿ ಎಂದು ಬರೆದೆ. ತಪ್ಪು. ‘ತಿ’ಗೆ ಒಂದು ಎಚ್ ಸೇರಿಸಿದೆ. ತಪ್ಪು. ಇನ್ನೊಂದೇ ಅವಕಾಶ ಎಂದಿತು ಪರದೆ.

“ರೀ, ಶಿವಮೊಗ್ಗ ಹಾಕಿ,” ಎಂದಳು ಹಿಂದೆ ನಿಂತಿದ್ದ ಗಿರಿಜಾ.

“ಸುಮ್ನಿರು ಮಾರಾಯ್ತಿ. ಶಿವಮೊಗ್ಗ ನನಗೆ ಯಾವತ್ತು ನೆಚ್ಚಿನ ಊರಾಗಿತ್ತು?”

“ಮದುವೆ ಆಗೋವರೆಗೂ ಆಗಿತ್ತು. ಹಳೇ ಸ್ಪೆಲಿಂಗ್ ಹಾಕಿ, ಹೆಸರು ಬದಲಾಗೋಕ್ಕಿಂತ ಮುಂಚಿನದು.”

ಒಂದೊಂದೇ ಅಕ್ಷರ ಒತ್ತಿದೆ. ಬಾಗಿಲು ತೆರೆಯಿತು. ಅವಳ ಎಲ್ಲ ಮೇಲ್‌ಗಳೂ ಇದ್ದವು. ಮೊದಲನೆಯದು ಇಂಗ್ಲಿಷ್ ಅಕ್ಷರದಲ್ಲಿ ಕನ್ನಡ: ‘ಈ ಮೇಲ್ ಬರದಿದ್ದರೆ ದಯವಿಟ್ಟು ಫೋನ್ ಮಾಡಿ ತಿಳಿಸಿ.’ ಅವಳು ಓದಿ ಕನ್ನಡಕ ತೆಗೆದು ಕಣ್ಣೊರೆಸಿಕೊಳ್ಳುವಷ್ಟು ನಕ್ಕಳು. ನನ್ನ ತಲೆಯಲ್ಲಿ ಬೇರೆಯೇ ಹುಳ.

“ಊರಿನ ಹೆಸರು ನಿನಗೆ ನೆನಪಿತ್ತಾ, ಊಹೆ ಮಾಡಿದ್ದಾ?”

“ಎರಡೂ ಅಲ್ಲ. ಇನ್ಮೇಲೆ ಶಿವಮೊಗ್ಗನೇ ನನ್ನೂರು ಅಂತ ನೀವೇ ಬರ್ದಿದ್ರಿ. ನೀವು ಏನು ಹೇಳಿದ್ರೂ ನಂಬ್ತಿದ್ದೆ.”

ಈಗ ಕೂತು ಬರೆಯುವಾಗ, ಅವಳು ಅಂದದ್ದು ‘ನಂಬ್ತಿದ್ದೆ’ ಅಂತಲೋ ‘ನಂಬ್ತೀನಿ’ ಅಂತಲೋ ಎಂಬ ಸಂಶಯ ಶುರುವಾಗಿದೆ. ಪಕ್ಕದ ಕೋಣೆಯಲ್ಲೇ ಇದ್ದಾಳೆ, ಕೇಳಿ ಖಚಿತ ಮಾಡಿಕೊಳ್ಳಬಹುದು. ಈ ಒಂದು ಸಂಶಯವನ್ನು ಹಾಗೇ ಇಟ್ಟುಕೊಳ್ಳೋಣ ಅಂತಿದ್ದೇನೆ.