ಅನುಷ್ಟುಪ್ಪಿನಲ್ಲಿ ಕಟ್ಟಿದ ಇಂಗ್ಲಿಷ್ ಪದಗಳು

ತೊಂಬತ್ತರ ದಶಕದ ಕೊನೆಯಲ್ಲಿ, ಸಂಸ್ಕೃತ ಅಧ್ಯಾಪಕ ವೃತ್ತಿಯಿಂದ ನಿವೃತ್ತನಾಗಿ ತುರುವೇಕೆರೆಯಲ್ಲಿ ನೆಲೆಸಿದ್ದ ನನಗೆ ನೆರೆಯ ಟೈಲರ್ ಅಂಗಡಿಯ ಸಾಹೇಬರು ಒಂದು ಆಟ ಕಲಿಸಿದರು. ಅಕ್ಷರದ ಬಿಲ್ಲೆಗಳನ್ನು ಹಲಗೆಯ ಮೇಲೆ ಜೋಡಿಸಿ ಇಂಗ್ಲಿಷ್ ಪದ ಕಟ್ಟಬೇಕು. ಪದ ಅಪರೂಪದ್ದಾದಷ್ಟೂ ಗೆಲುವು ಹತ್ತಿರ.

“ಅರ್ಥ ಹೇಳ್ದೆ ಪದ ಇಡಂಗಿಲ್ಲ ಕಣ್ರೀ ಸ್ವಾಮಿ” ಎಂಬುದು ಅವರ ಅಂಗಡಿಯ ಕಟ್ಟಳೆ. ನಾನು ತಡವರಿಸಿದರೆ, “ಅಷ್ಟೊಂದು ಶಾಸ್ತ್ರ ಓದ್ದೋರು ಮೂರಕ್ಷರಕ್ಕೆ ಹಿಂಗೆ ಬೆವರ್ತೀರಲ್ಲ!” ಎಂದು ನಗುತ್ತಿದ್ದರು.

ಬಾಲ್ಯದಲ್ಲಿ ನಿಘಂಟನ್ನು ಶ್ಲೋಕವಾಗಿಯೇ ಬಾಯಿಪಾಠ ಮಾಡಿದವನು ನಾನು. ಬೇರೆ ದಾರಿ ತಿಳಿಯದೆ ಆ ವಿಚಿತ್ರ ಪದಗಳನ್ನೂ ಅರ್ಥಸಹಿತ, ಎಂಟೆಂಟು ಅಕ್ಷರದ ಪಾದಗಳ ಅನುಷ್ಟುಪ್ಪಿನಲ್ಲಿ ಕಟ್ಟಿದೆ: “ಝ್ಯಾಕ್ಸಃ ಶಿಲಾಚ್ಛಿದಂ ಶಸ್ತ್ರಂ ಕೂಮಃ ಪರ್ವತಗಹ್ವರಮ್.” ಝ್ಯಾಕ್ಸ್ ಎಂದರೆ ಚಾವಣಿಗೆ ಹೊದಿಸುವ ಕಲ್ಲುಹಲಗೆಗಳನ್ನು ಕತ್ತರಿಸುವ ಹತಾರ, ಕೂಮ್ ಎಂದರೆ ಬೆಟ್ಟದ ಮಗ್ಗುಲಲ್ಲಿನ ಕಡಿದಾದ ತಗ್ಗು. ಸ್ನಾನಕ್ಕೆ ಹೋಗುವಾಗಲೂ ಗುನುಗಿದೆ. ತಿಂಗಳೊಳಗೆ ಗೆಲ್ಲತೊಡಗಿದೆ.

ಆದರೆ ನಮ್ಮ ದೇವಸ್ಥಾನದಲ್ಲಿ ಪ್ರತಿ ಶನಿವಾರ ಸ್ತೋತ್ರವನ್ನು ಸಾಲುಸಾಲಾಗಿ ಹೇಳಿಕೊಡುವವನೂ ನಾನೇ. ಅದರ ಛಂದಸ್ಸೂ ಅನುಷ್ಟುಪ್ಪೇ. ಒಂದು ಮುಂಜಾನೆ ಜಪದ ನಡುವೆ ಝ್ಯಾಕ್ಸ್ ನಾಲಿಗೆಯ ತುದಿಗೆ ಬಂದಿತು. ಅಂದಿನಿಂದ ನೆಮ್ಮದಿ ಹೋಯಿತು. ಶನಿವಾರ ಹತ್ತಿರವಾದಂತೆ ಮನೆಯೊಳಗೆ ಕುಳಿತಲ್ಲಿ ಕೂರಲಾರೆ.

ಕೊನೆಗೆ ಅಂಜಿದ್ದೇ ಆಯಿತು. ಕಣ್ಣು ಮುಚ್ಚಿ ಸಾಲೊಂದನ್ನು ಹೇಳಿಕೊಟ್ಟೆ. ನೆರೆದವರೆಲ್ಲ ಕೈಮುಗಿದು “ಝ್ಯಾಕ್ಸಃ ಶಿಲಾಚ್ಛಿದಂ ಶಸ್ತ್ರಂ” ಎಂದರು. ಯಾರೂ ತಲೆಯೆತ್ತಲಿಲ್ಲ.

ನನ್ನನ್ನು ನಂಬಿದವರ ಬಾಯಿಗೆ ದೇವರ ಮುಂದೆ ಏನನ್ನು ಹಾಕಿಬಿಟ್ಟೆ! ಆ ವಾರ ಅನ್ನ ರುಚಿಸಲಿಲ್ಲ. ಸಾಹೇಬರಿಗೆ ಹೇಳಿದೆ. ನಗುತ್ತಾರೆಂದುಕೊಂಡಿದ್ದೆ; ಅವರು ಕತ್ತರಿ ಕೆಳಗಿಟ್ಟರು. “ಹೇಳ್ಬುಡಿ ಸ್ವಾಮಿ ಅವ್ರಿಗೆ. ಮುಚ್ಚಿಟ್ಕಂಡ್ರೆ ನಿಮಗೇ ನಿದ್ದೆ ಬರಾಕಿಲ್ಲ.”

ಮರುಶನಿವಾರ ಎಲ್ಲರೆದುರು ತಪ್ಪೊಪ್ಪಿಕೊಂಡೆ. ಮಾಯಸಂದ್ರದ ಬಸ್ಸಿನಲ್ಲಿ ಬರುತ್ತಿದ್ದ ಹಿರಿಯಾಕೆಯೊಬ್ಬರು, “ಅಯ್ಯೋ ಮೇಷ್ಟ್ರೇ, ವಾರವೆಲ್ಲ ಕೊಬ್ರಿ ಕರಟ ಬುಡಿಸ್ತಾ ಅದ್ನೇ ಹೇಳ್ಕಂಡೆನಲ್ರೀ! ನೀವು ಹೇಳಿದ್ಮೇಲೆ ದೇವರದ್ದೇ ಅಂತ” ಎಂದರು. ಎಲ್ಲರೂ ನಕ್ಕರು. ನನಗೆ ನಗಲಾಗಲಿಲ್ಲ.

ಕಂಠಸ್ಥವಾದುದನ್ನು ಪುಸ್ತಕ ಹಿಡಿದು ಹೇಳುವುದು ನಮ್ಮ ಗುರುಪರಂಪರೆಯಲ್ಲಿ ನಾಚಿಕೆಯ ಸಂಗತಿ. ಅಂದು ಆ ಹಿರಿಯಾಕೆಯ ಕೈಯಲ್ಲಿದ್ದ ಸ್ತೋತ್ರದ ಪುಸ್ತಕವನ್ನೇ ಬೇಡಿ ಪಡೆದು, ಸಾಲಿನ ಕೆಳಗೆ ಬೆರಳಿಟ್ಟು ಓದಿದೆ. ಈಗಲೂ ಹಾಗೆಯೇ ಓದುತ್ತೇನೆ. ಪುಟ ಮಗುಚುವ ಕ್ಷಣದಲ್ಲಿ ಮಾತ್ರ, ಮುಂದಿನ ಅಕ್ಷರ ಕಣ್ಣಿಗೆ ಬೀಳುವವರೆಗೆ, ತುಟಿಗಳನ್ನು ಬಿಗಿಯಾಗಿ ಮುಚ್ಚಿಕೊಳ್ಳುತ್ತೇನೆ.