ಶಿವಪ್ಪ ಕಾಕಾನ ಬಲಗೆನ್ನೆ

ಇಂದು ಬೆಳಿಗ್ಗೆ ಶಾಲೆಗೆ ಹೊರಡುವ ಅವಸರದಲ್ಲಿ ಬಿಸಿಲಿನ ಕ್ರೀಮನ್ನು ಅಂಗೈಗೆ ಹಿಂಡಿಕೊಂಡೆ. ವಾಸನೆ ಮೂಗಿಗೆ ಬಡಿದದ್ದೇ ತಡ, ನಗು ಬಂತು. ನಿಮಗೆ ಅದು ಹೂವಿನ ವಾಸನೆಯೋ ಔಷಧದ ವಾಸನೆಯೋ ಇದ್ದೀತು. ನನಗೆ ಮಾತ್ರ ಅದು ಡೀಸೆಲ್ಲಿನೊಡನೆ ಬೆರೆತ ಶಿವಪ್ಪ ಕಾಕಾನ ವಾಸನೆ. ನರಗುಂದದಲ್ಲಿ ಬಾಡಿಗೆ ಮನೆಯಿಂದ ನಾನು ಕಲಿಸುವ ಶಾಲೆಗೆ ಸ್ಕೂಟರಿನ ಮೇಲೆ ಹತ್ತೇ ನಿಮಿಷ. ಅಷ್ಟು ದಾರಿಗೆ ಇಷ್ಟು ಬಳಿದುಕೊಳ್ಳಬೇಕೆ ಎಂದು ಕೇಳಿದಿರೋ, ನಾನು ಈ ಕಥೆ ಹೇಳದೆ ಬಿಡುವವಳಲ್ಲ.

ಕಾಕಾ ಎಂದರೆ ನನ್ನ ಅಪ್ಪನ ತಮ್ಮ, ಬಸ್ ಡ್ರೈವರ್. ರೋಣದಲ್ಲಿ ನಾವೆಲ್ಲ ಒಂದೇ ಮನೆಯಲ್ಲಿದ್ದೆವು. ಅವನ ಬಸ್ಸಿನ ರಾತ್ರಿಯ ವಸ್ತಿ ಮಾತ್ರ ಗದಗದಲ್ಲಿ. ಬೆಳಿಗ್ಗೆ ಗದಗ ಬಿಟ್ಟು ಅಬ್ಬಿಗೇರಿ ದಾಟಿ ರೋಣಕ್ಕೆ ಬರುವನು, ಮನೆಯಲ್ಲಿ ರೊಟ್ಟಿ ತಿಂದು ಒಂದು ನಿದ್ದೆ ತೆಗೆಯುವನು, ಸಂಜೆ ಮತ್ತೆ ಗದಗದ ದಾರಿ ಹಿಡಿಯುವನು. ಇಪ್ಪತ್ತು ವರ್ಷಕ್ಕೂ ಮೇಲೆ ಅದೇ ರಸ್ತೆ. ಕಿಟಕಿಯ ಗಾಜು ಏರಿಸಿದರೆ ಉಸಿರು ಕಟ್ಟುತ್ತದೆ ಎನ್ನುತ್ತಿದ್ದ. ಬಾಯಲ್ಲಿ ಬೀಡಿ, ಕಿಟಕಿಯಾಚೆ ಕಡಲೆ ಹೊಲದ ಗಾಳಿ. ಆ ಸೀಟಿನಲ್ಲಿ ಕುಳಿತ ಕಾಕಾನಿಗೆ ಸಮನಾದ ರಾಜ ನನ್ನ ಬಾಲ್ಯದಲ್ಲಿ ಇರಲಿಲ್ಲ.

ನಾನು ಕಾಲೇಜಿಗೆ ಸೇರಿದ ವರ್ಷ ಕೈಗೆ ಹೊಸ ಫೋನು ಬಂತು. ಮುಖದ ಅರ್ಧವನ್ನೇ ಎರಡು ಸಲ ಜೋಡಿಸಿ ಪೂರ್ತಿ ಮುಖ ಮಾಡುವ ಆಟ ಅದರಲ್ಲಿತ್ತು. ಎಲ್ಲರ ಫೋಟೊ ಹಿಡಿದು ಮುಗಿಸಿ ಕೊನೆಗೆ ಕಾಕಾನನ್ನು ಕೂರಿಸಿದೆ. ಎಡ ಅರ್ಧ ಜೋಡಿಸಿದರೆ ಮೊನ್ನೆ ಮದುವೆಯಾದ ಗಂಡು. ಬಲ ಅರ್ಧ ಜೋಡಿಸಿದರೆ ಎಪ್ಪತ್ತು ದಾಟಿದ ಮುದುಕ! ಕಣ್ಣಂಚಿನಿಂದ ಕಿವಿಯವರೆಗೆ ಗೆರೆಗಳು, ಕೆನ್ನೆ ಬೇಸಿಗೆಯ ಎರಿಹೊಲದ ಕರಿಮಣ್ಣಿನಂತೆ ಬಿರಿದಿತ್ತು. ಮನೆಯೆಲ್ಲ ಬಿದ್ದು ಬಿದ್ದು ನಕ್ಕಿತು. ಕಾಕಾನ ಹೆಂಡತಿ, ನಮ್ಮ ಕಕ್ಕಿ, ಒಬ್ಬಳೇ ನಗಲಿಲ್ಲ.

"ಮಾಂವಗೂ ಹಿಂಗ ಒಂದ ಕಡೆ ಮಾರಿ ಜೋತು ಬಿದ್ದಿತ್ತು. ಆಮ್ಯಾಲ ಲಕ್ವಾ ಹೊಡೀತು" ಎಂದಳು.

ನಗು ನಿಂತಿತು. ಲಕ್ವಾ ಹೊಡೆದು ಒಂದು ಪಕ್ಕ ಸ್ವಾಧೀನ ತಪ್ಪಿ ಅಜ್ಜ ವರ್ಷಗಟ್ಟಲೆ ಹಾಸಿಗೆ ಹಿಡಿದದ್ದನ್ನು ಎಲ್ಲರೂ ಕಂಡವರೇ. ಕಾಕಾ ಬಲಗೆನ್ನೆ ಸವರಿಕೊಂಡ. ಚಹಾ ಕುಡಿದು ಬಾಯಂಚಿನಿಂದ ಸೋರಿತೇ ಎಂದು ಒರೆಸಿ ನೋಡಿಕೊಂಡ. ನನ್ನ ಹುಡುಗಾಟ ಮನೆಗೆ ಹಾವು ತಂದು ಬಿಟ್ಟಂತಾಗಿತ್ತು.

"ಡಿಪೋದಾಗ ತಿಳದ್ರ ಸ್ಟೇರಿಂಗ್ ಮುಟ್ಟಾಕ ಬಿಡೂದಿಲ್ಲ. ಯಾರೂ ಬಾಯಿ ಬಿಡಬ್ಯಾಡ್ರಿ" ಎಂದ ಕಾಕಾ.

ಕಕ್ಕಿ ಬಿಡಲಿಲ್ಲ. "ಬಸ್ಸಿನಾಗ ಅರವತ್ತ ಜೀವ ಇರ್ತಾವಲ್ಲ, ಅವರ ಗತಿ?"

ಕಾಕಾ ರಜೆ ಹಾಕಿದ. ಮರುದಿನ ನಾವು ಮೂವರೂ ಗದಗದ ದವಾಖಾನೆಯಲ್ಲಿದ್ದೆವು.

ಡಾಕ್ಟರು ನಡುವಯಸ್ಸಿನ ಹೆಂಗಸು. ಹುಬ್ಬು ಏರಿಸು ಎಂದರು, ಏರಿಸಿದ. ಗಲ್ಲ ಉಬ್ಬಿಸು ಎಂದರು, ಉಬ್ಬಿಸಿದ. ಕೈಯೆತ್ತಿಸಿದರು, ನಡೆಸಿದರು. "ಈಗ ಶಿಳ್ಳೆ ಹಾಕ್ರಿ ನೋಡೂಣು."

ಕಾಕಾ ಹಾಕಿದ ಶಿಳ್ಳೆಗೆ ಹೊರಗೆ ಕಾದಿದ್ದವರು ಬಸ್ಸು ಬಿಟ್ಟಿತೆಂದು ಎದ್ದು ನಿಂತರು!

ಡಾಕ್ಟರು ನಗುತ್ತ, "ಏನ್ ಕೆಲಸ ಮಾಡ್ತೀರಿ?" ಎಂದರು.

"ಡ್ರೈವರ್ ಅದೀನ್ರಿ. ಮುಂಜಾನೆ ಗದಗದಿಂದ ರೋಣಕ್ಕ, ಸಂಜಿಗೆ ರೋಣದಿಂದ ಗದಗಕ್ಕ."

ಡಾಕ್ಟರು ಕುರ್ಚಿಯಿಂದ ಎದ್ದೇಬಿಟ್ಟರು. "ಅಂದ್ರ ಮುಂಜಾನಿ ಉತ್ತರಕ್ಕ ಹೋಗಬೇಕಾದ್ರ ಸೂರ್ಯ ನಿಮ್ಮ ಬಲಕ್ಕ. ಸಂಜಿಗೆ ದಕ್ಷಿಣಕ್ಕ ಬರಬೇಕಾದ್ರೂ ಬಲಕ್ಕ! ನಿಮಗ ಲಕ್ವಾ ಹೊಡದಿಲ್ರಿ, ಬಿಸಲ ಹೊಡದೈತಿ!"

ಕಕ್ಕಿ ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಅತ್ತೇಬಿಟ್ಟಳು. ನನಗೆ ಕುಣಿಯುವಷ್ಟು ಖುಷಿ. ನಿತ್ಯ ಕಣ್ಣೆದುರಿಗಿದ್ದ ಮುಖ, ನಿತ್ಯ ನೋಡುವ ಸೂರ್ಯ; ಎರಡನ್ನೂ ಕೂಡಿಸಿ ನೋಡಲು ಮನೆಯಲ್ಲಿ ಒಬ್ಬರಿಗೂ ಹೊಳೆದಿರಲಿಲ್ಲ!

ಡಾಕ್ಟರು ಬಿಡಿಸಿ ಹೇಳಿದರು. ಚರ್ಮದ ಕೆಳಗೆ ಅದನ್ನು ಬಿಗಿಯಾಗಿ ಹಿಡಿದ ಎಳೆಗಳಿರುತ್ತವೆ, ಬಿಸಿಲು ಅವನ್ನು ಸಡಿಲ ಮಾಡುತ್ತದೆ. ಗಾಜು ಏರಿಸಿದರೂ ಒಂದಿಷ್ಟು ಕಿರಣ ಒಳಬರುತ್ತದೆ. ಬೀಡಿ ಚರ್ಮಕ್ಕೆ ಹೋಗುವ ರಕ್ತವನ್ನೂ ಕಡಿಮೆ ಮಾಡುತ್ತದೆ. ಬಿಸಿಲಿಗೆ ಕಣ್ಣು ಕಿರಿದು ಮಾಡುವುದರಿಂದ ಕಣ್ಣಂಚಿನ ಗೆರೆ ಆಳವಾಗುತ್ತದೆ. "ವಯಸ್ಸಿನ ಗೆರಿ ಯಾರಿಗೂ ತಪ್ಪಿದ್ದಲ್ಲ. ಬಿದ್ದದ್ದು ಪೂರಾ ಅಳಿಸಾಕೂ ಆಗೂದಿಲ್ಲ. ಆದ್ರ ಹೊಸಾವು ಲಗೂ ಬರದಂಗ ನೋಡ್ಕೋಬಹುದು. ಮುಂಜಾನೆ ಒಮ್ಮೆ, ಮಧ್ಯಾಹ್ನ ಒಮ್ಮೆ ಈ ಕ್ರೀಮ್ ಹಚ್ರಿ. ಕುತ್ತಿಗಿಗೂ. ಕರಿ ಕನ್ನಡಕ ಹಾಕ್ರಿ, ಟವೆಲ್ ಸುತ್ಕೋರಿ. ಬೀಡಿ ಇವತ್ತ ಬಿಡ್ರಿ."

ಬೀಡಿ ಅಂದೇ ಹೋಗಲಿಲ್ಲ. ಅದಕ್ಕೆ ಎರಡು ಮಳೆಗಾಲ ಹಿಡಿದವು, ಕಕ್ಕಿಯೊಡನೆ ಲೆಕ್ಕವಿಲ್ಲದಷ್ಟು ಜಗಳವಾದವು. ಕ್ರೀಮು ಮಾತ್ರ ಮರುದಿನವೇ ಸ್ಟೇರಿಂಗ್ ಪಕ್ಕದಲ್ಲಿ ಬಂದು ಕೂತಿತು. "ಶಿವಪ್ಪ ಮದುಮಗಳ ಆಗ್ಯಾನ" ಎಂದು ಕಂಡಕ್ಟರು ಚಾಷ್ಟಿ ಮಾಡಿದರೆ, "ನಿನಗೂ ಹಚ್ಚಲೇನು?" ಎನ್ನುತ್ತಿದ್ದನಂತೆ.

ಈಗ ಕಾಕಾ ನಿವೃತ್ತ. ಎಡಗೆನ್ನೆಗೂ ವಯಸ್ಸಿನ ಗೆರೆಗಳು ಬಂದಿವೆ, ಬಲಗೆನ್ನೆಯ ಹಳೆಯವು ಹಾಗೇ ಇವೆ. ಕಳೆದ ಭಾನುವಾರ ನನ್ನನ್ನು ನರಗುಂದದ ಬಸ್ಸಿಗೆ ಹತ್ತಿಸಲು ರೋಣದ ನಿಲ್ದಾಣಕ್ಕೆ ಬಂದ. ಪಕ್ಕದಲ್ಲಿ ಗದಗದ ಬಸ್ಸು. ಅದರ ಡ್ರೈವರ್, ಮೀಸೆ ಈಗಷ್ಟೇ ದಪ್ಪವಾದವನು, ತೋಳನ್ನು ಕಿಟಕಿಯಾಚೆ ಚೆಲ್ಲಿ ಸಂಜೆಯ ಬಿಸಿಲಿಗೆ ಮುಖ ಒಡ್ಡಿ ಕುಳಿತಿದ್ದ. ಕಾಕಾ ನೆಟ್ಟಗೆ ಆ ಕಿಟಕಿಯ ಕೆಳಗೆ ಹೋಗಿ ನಿಂತ.

"ತಮ್ಮಾ, ನನ್ನ ಮಾರಿ ನೋಡು."

ಹುಡುಗ ನೋಡಿದ. "ಒಂದ ಕಡೆ ಏನಾಗೈತ್ರಿ ಯಜಮಾನ್ರ?"

ಕಾಕಾ ಎಡಗೆನ್ನೆ ಮುಟ್ಟಿ, "ಇದು ನಂದು" ಎಂದ. ಬಲಗೆನ್ನೆ ಮುಟ್ಟಿ, "ಇದು ಗದಗ ರೋಡಿಂದು."

ಹುಡುಗ ಕಿಟಕಿಯಾಚೆಯ ಬಿಸಿಲಿನತ್ತ ನೋಡಿದ. ಆಮೇಲೆ ತೋಳನ್ನು ಒಳಗೆಳೆದುಕೊಂಡು, ಬೆನ್ನ ಹಿಂದಿನ ಟವೆಲ್ ಕೊಡವಿ, ಮುಖದ ಬಲಗಡೆಗೆ ಬಿಗಿಯಾಗಿ ಸುತ್ತಿಕೊಂಡು ಬಸ್ಸು ಚಾಲೂ ಮಾಡಿದ.